ಮರದ ಹಲಗೆಗೆ ಸ್ಕ್ರೂ ಬಿಗಿಯುವ ಕ್ರಮ: ಪೀಠೋಪಕರಣ ಸ್ವೀಕರಿಸುವ ಮುನ್ನ ಸದಸ್ಯರು ಗಮನಿಸಬೇಕಾದ ಅಂಶಗಳು

ಅರಿವು ಕೇಂದ್ರ, ಅಂಗನವಾಡಿ ಹಾಗೂ ಶಾಲೆಗಳಿಗೆ ಒದಗಿಸುವ ಕಪಾಟುಗಳಲ್ಲಿ ಹಲಗೆ ಕೆಡುವುದಕ್ಕೆ ಬಹಳ ಮೊದಲೇ ಬಾಗಿಲಿನ ಹಿಂಜ್ ಕಿತ್ತು ಬರುವುದುಂಟು. ಸಡಿಲವಾದ ಸ್ಕ್ರೂವನ್ನು ಮತ್ತೆ ತಿರುಗಿಸಿದರೆ ಅದು ಸುಮ್ಮನೆ ಸುತ್ತುತ್ತದೆ. 'ಮರೆ ಹೋಗಿದೆ' ಎಂದು ಬಡಗಿಗಳು ಹೇಳುವುದು ಇದನ್ನೇ. ಸ್ಕ್ರೂವಿನ ಮರೆಗಳ ನಡುವೆ ಸಿಲುಕಿದ ಮರದ ನಾರೇ ಅದನ್ನು ಹಿಡಿದಿರುತ್ತದೆ. ಆ ನಾರು ಹರಿದರೆ ಎಷ್ಟು ಬಲವಾದ ಸ್ಕ್ರೂ ಆದರೂ ನಿಲ್ಲದು.

ಆದ್ದರಿಂದ ಮೊದಲು ಕೊರೆಯುವ ಸಣ್ಣ ರಂಧ್ರವೇ ಈ ಕೆಲಸದ ಜೀವಾಳ. ಮರೆಗಳನ್ನು ಬಿಟ್ಟು ಸ್ಕ್ರೂವಿನ ಒಳದಂಡು ಎಷ್ಟು ದಪ್ಪವೋ ರಂಧ್ರವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. 4 ಮಿ.ಮೀ. ಸ್ಕ್ರೂವಿಗೆ ಮೃದು ಮರದಲ್ಲಿ ಸುಮಾರು 2.5 ಮಿ.ಮೀ., ಮತ್ತಿ, ಹೊನ್ನೆಯಂತಹ ಗಟ್ಟಿ ಮರದಲ್ಲಿ ಸುಮಾರು 3 ಮಿ.ಮೀ. ಸಾಕು. ಸ್ಕ್ರೂವನ್ನು ಮುಕ್ಕಾಲು ಪಾಲು ಸುತ್ತಿಗೆಯಿಂದ ಹೊಡೆದು ಕೊನೆಗೆ ಎರಡು ಸುತ್ತು ತಿರುಗಿಸುವ ರೂಢಿ ಹಲವೆಡೆ ಇದೆ. ಹೊರಗೆ ವ್ಯತ್ಯಾಸ ಕಾಣದು, ಒಳಗೆ ನಾರು ಹರಿದಿರುತ್ತದೆ. ಹಾಗೆ ಕೂರಿಸಿದ ಸ್ಕ್ರೂ ಮೊಳೆಗಿಂತ ಮೇಲಲ್ಲ. ಶಿವಗಂಗೆಯಂತಹ ಊರಿನಲ್ಲಿ ಕಿಟಕಿಯ ಜಾಲರಿಯನ್ನು ಕೋತಿಗಳೇ ಎಳೆದು ಪರೀಕ್ಷಿಸುತ್ತವೆ ಎಂಬುದನ್ನೂ ಮರೆಯುವಂತಿಲ್ಲ.

ಪ್ಲೈವುಡ್ ಪದರಗಳಿಂದಾದುದರಿಂದ ಅದರ ಮುಖಭಾಗದಲ್ಲಿ ಹಿಡಿತ ಚೆನ್ನಾಗಿರುತ್ತದೆ. ಅಂಚಿನಲ್ಲಿ ಪದರ ಬಿರಿಯುವ ಸಂಭವವಿದೆ. ಪಾರ್ಟಿಕಲ್ ಬೋರ್ಡ್ ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ್ದು. ಅದರ ಅಂಚು ಇನ್ನೂ ದುರ್ಬಲ. ನೆಲ ತೊಳೆಯುವ ಅಂಗನವಾಡಿಯಲ್ಲಿ ನೀರು ಕುಡಿದು ಅದು ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಹಿಡಿತ ಮರಳುವುದಿಲ್ಲ. ಅಂತಹ ಕಡೆ ಐ.ಎಸ್. 303ರ ಬಿ.ಡಬ್ಲ್ಯೂ.ಆರ್. ದರ್ಜೆಯ ಪ್ಲೈವುಡ್ ಕೇಳುವುದು ಸೂಕ್ತ. ಜಿಪ್ಸಂ ಹಲಗೆಗೆ ಬಳಸುವ ಕಪ್ಪು ಸ್ಕ್ರೂಗಳು ಅಗ್ಗವೇನೋ ಹೌದು, ಆದರೆ ಭಾರ ಬಿದ್ದಾಗ ಬಾಗದೆ ತುಂಡಾಗುತ್ತವೆ.

ಅತಿ ಮುಖ್ಯವಾದುದು ಎತ್ತರದ ಕಪಾಟನ್ನು ಗೋಡೆಗೆ ಬಿಗಿಯುವ ವಿಷಯ. ಮಗು ಅಡ್ಡಹಲಗೆಯ ಮೇಲೆ ಕಾಲಿಟ್ಟು ಹತ್ತಿದರೆ ಕಪಾಟು ಮುಂದಕ್ಕೆ ವಾಲಿ ಮಗುವಿನ ಮೇಲೆಯೇ ಬೀಳಬಹುದು. ಇದಕ್ಕಾಗಿ ಹಾಕುವ 'ಎಲ್' ಪಟ್ಟಿಯನ್ನು ಕಪಾಟಿನ ಹಿಂಬದಿಯ 6 ಮಿ.ಮೀ. ತೆಳು ಹಾಳೆಗೆ ಬಿಗಿದರೆ ಏನೂ ಬಿಗಿಯದಂತೆಯೇ ಸರಿ. ಎಳೆತ ಬಿದ್ದೊಡನೆ ಅದು ಹಾಳೆಯನ್ನು ಹರಿದುಕೊಂಡು ಬರುತ್ತದೆ. 18 ಮಿ.ಮೀ. ದಪ್ಪದ ಮೇಲ್ಹಲಗೆಗೋ ಅದರ ಕೆಳಗಿನ ಮರದ ರೀಪಿಗೋ ಬಿಗಿಯಬೇಕು. ಸಾಧ್ಯವಾದರೆ ಹಲಗೆಯನ್ನು ಪೂರ್ತಿ ದಾಟುವ ಬೋಲ್ಟಿಗೆ ಅಗಲವಾದ ವಾಷರ್ ಮತ್ತು ನಟ್ ಹಾಕಿಸುವುದು ಉತ್ತಮ.

ಮರೆ ಹೋದ ರಂಧ್ರಕ್ಕೆ ಬೆಂಕಿಕಡ್ಡಿ ತುರುಕುವುದು ತಾತ್ಕಾಲಿಕ. ರಂಧ್ರವನ್ನು ಅಗಲಿಸಿ, ಗಟ್ಟಿ ಮರದ ಬೆಣೆಗೆ ಅಂಟು ಸವರಿ ಕೂರಿಸಿ, ಅಂಟು ಪೂರ್ಣ ಒಣಗಿದ ಬಳಿಕ ಹೊಸದಾಗಿ ಕೊರೆಯಬೇಕು.

ಅಳತೆ ಪುಸ್ತಕದಲ್ಲಿ ನಮೂದಾಗುವ ಮುನ್ನ ಸದಸ್ಯರ ಸಮ್ಮುಖದಲ್ಲಿ ಹಿಂಜಿನ ಒಂದು ಸ್ಕ್ರೂ ಬಿಚ್ಚಿಸಿ ನೋಡುವುದು ಒಳ್ಳೆಯದು. ತಿರುಗಿಸದೆ ಬರೀ ಎಳೆದಾಗಲೇ ಅದು ಕೈಗೆ ಬಂದರೆ, ಪೂರೈಕೆದಾರರು ಸರಿಪಡಿಸುವವರೆಗೆ ಬಿಲ್ಲಿಗೆ ಒಪ್ಪಿಗೆ ನೀಡದಿರುವುದು ಸೂಕ್ತ.