ಬಾಣಂತಿ ವಾರ್ಡಿಗೆ ಹೋಗುವ ಮುಂಚೆ



ಕಾಯಿಲೆ ವಾಸಿಯಾಗಲಿ ಅಂತ ನಾವು ಆಸ್ಪತ್ರೆಗೆ ಹೋಗುತ್ತೇವೆ. ಆದರೆ ಆಸ್ಪತ್ರೆಯಲ್ಲೇ ಹೊಸ ಕಾಯಿಲೆ ಅಂಟಿಕೊಳ್ಳುವುದೂ ಉಂಟು. ಹೆರಿಗೆಗೆ ಹೋದವಳಿಗೆ ಮೂರನೇ ದಿನ ಚಳಿಜ್ವರ ಬರುತ್ತದೆ. ಆಪರೇಷನ್ ಗಾಯ ಕೀವು ಕಟ್ಟುತ್ತದೆ. ನಮ್ಮ ಹಿರಿಯರು ಇದನ್ನು ನಂಜು ಅಂದರು. ಡಾಕ್ಟರು ಸೋಂಕು ಅನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಲೆಕ್ಕ ಕೊಟ್ಟಿತು. ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆ ಸೇರಿದ 100 ಜನರಲ್ಲಿ 7 ಜನರಿಗೆ ಅಲ್ಲೇ ಸೋಂಕು ತಗಲುತ್ತದೆ. ಬಡ ಮತ್ತು ಮಧ್ಯಮ ದೇಶಗಳಲ್ಲಿ 15 ಜನರಿಗೆ.

ಈ ಸೋಂಕು ಹೇಗೆ ಬರುತ್ತದೆ? ಹೆಚ್ಚಾಗಿ ಕೈಯಿಂದಲೇ.

ಯಲಹಂಕದ ಆಸ್ಪತ್ರೆಯಲ್ಲಿ ಒಬ್ಬಳಿಗೆ ಹೆರಿಗೆಯಾಯಿತು ಅನ್ನಿ. ದೇವನಹಳ್ಳಿಯಿಂದ ಅತ್ತೆ ಬರುತ್ತಾರೆ. ಆರ್.ಟಿ. ನಗರದಿಂದ ಚಿಕ್ಕಮ್ಮ ಬರುತ್ತಾರೆ. ದಾರಿಯಲ್ಲಿ ಬಸ್ಸಿನ ಕಂಬಿ ಹಿಡಿದ ಕೈ ಅದು. ಚಿಲ್ಲರೆ ಎಣಿಸಿದ ಕೈ. ಮಗುವಿನ ಮೂಗು ಒರೆಸಿದ ಕೈ. ಅದೇ ಕೈಯಲ್ಲಿ ಎಳೆ ಕೂಸಿನ ಕೆನ್ನೆ ಸವರುತ್ತೇವೆ. ಕೂಸು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಬಾಣಂತಿಯ ಮಂಚದ ಮೇಲೇ ಎಲ್ಲರೂ ಕೂರುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ರೋಗಾಣುವಿಗೆ ಪ್ರೀತಿ ಗೊತ್ತಿಲ್ಲ.

ಕೈಯಿಂದ ನಂಜು ಬರುತ್ತದೆ ಅಂತ ತೋರಿಸಿದವರು ಯಾರು? ವಿಯೆನ್ನಾ ಎಂಬ ಊರಿನ ಒಬ್ಬ ಡಾಕ್ಟರು. ಹೆಸರು ಓದಲು ಸ್ವಲ್ಪ ಕಷ್ಟ. ಬಿಡಿಸಿ ಓದಿ: ಸೆಮ್-ಮೆಲ್-ವೈಸ್.

ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ ಇದ್ದವು. ಒಂದರಲ್ಲಿ ಡಾಕ್ಟರು ಮತ್ತು ಓದುವ ಹುಡುಗರು ಹೆರಿಗೆ ಮಾಡಿಸುತ್ತಿದ್ದರು. ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರ ವಿಭಾಗದಲ್ಲಿ 100 ಬಾಣಂತಿಯರಲ್ಲಿ ಸುಮಾರು 11 ಮಂದಿ ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಸುಮಾರು 3 ಮಂದಿ. ಊರಿನ ಹೆಂಗಸರಿಗೆ ಇದು ಗೊತ್ತಿತ್ತು. "ನಮ್ಮನ್ನು ಆ ಕಡೆ ಸೇರಿಸಬೇಡಿ" ಅಂತ ಅಳುತ್ತಿದ್ದರು. ಅವರ ಮಾತನ್ನು ಯಾರು ಕೇಳಬೇಕು?

ಓದುವ ಹುಡುಗರು ಬೆಳಿಗ್ಗೆ ಹೆಣ ಕುಯ್ದು ಪಾಠ ಕಲಿಯುತ್ತಿದ್ದರು. ಆಮೇಲೆ ಸೀದಾ ಹೆರಿಗೆ ಮನೆಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಸೆಮ್ಮೆಲ್ವೈಸ್ ಇದನ್ನು ಗಮನಿಸಿದರು. 1847ರಲ್ಲಿ ಒಂದು ಕಟ್ಟುನಿಟ್ಟು ತಂದರು. ಬ್ಲೀಚಿಂಗ್ ಪೌಡರಿನಂಥ ಪುಡಿ ಕಲಸಿದ ನೀರಿನಲ್ಲಿ ಕೈ ತೊಳೆದೇ ಹೆಂಗಸರನ್ನು ಮುಟ್ಟಬೇಕು. 1848ರಲ್ಲಿ ಎರಡೂ ವಿಭಾಗಗಳಲ್ಲಿ ಸಾವು 100ಕ್ಕೆ ಸುಮಾರು 1ಕ್ಕೆ ಇಳಿಯಿತು. ಆದರೂ ಬಹಳ ಡಾಕ್ಟರು ಅವರ ಮಾತು ಒಪ್ಪಲಿಲ್ಲ. "ನಮ್ಮ ಕೈ ಕೊಳಕಾ?" ಅಂತ ಸಿಟ್ಟಾದರು. ಸೆಮ್ಮೆಲ್ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು.

ನಮ್ಮಲ್ಲಿ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದರಲ್ಲಿ ಎಷ್ಟೋ ಸಲ ಇರುವುದು ಇದೇ ನಂಜು. ಗಾಳಿ ಸೋಕಿ ಬಂದದ್ದಲ್ಲ. ದೃಷ್ಟಿ ತಾಗಿ ಬಂದದ್ದಲ್ಲ. ಜ್ವರ, ಕೆಳಹೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ ಕಂಡರೆ ಕೂಡಲೇ ಸಿಸ್ಟರಿಗೆ ಹೇಳಿ. ಮನೆಗೆ ಬಂದ ಮೇಲೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೆರಿಗೆಯಾಗಿ ಆರು ವಾರದವರೆಗೂ ಎಚ್ಚರ ಬೇಕು.

ಕೈ ತೊಳೆಯುವುದು ಎಂದರೆ ನಲ್ಲಿ ಕೆಳಗೆ ಬೆರಳು ಒದ್ದೆ ಮಾಡುವುದಲ್ಲ. ಬಳೆ ಮೇಲಕ್ಕೆ ಸರಿಸಿ. ಸೋಪು ಹಚ್ಚಿ. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ, ಎಲ್ಲ ಉಜ್ಜಿ. 40ರಿಂದ 60 ಸೆಕೆಂಡು ಬೇಕು. ಗಡಿಯಾರ ಇಲ್ಲವೇ? ನಿಧಾನವಾಗಿ ಐವತ್ತರವರೆಗೆ ಎಣಿಸಿ. ಎಣಿಕೆ ಈಗ ಬರುತ್ತದಲ್ಲ! ಒದ್ದೆ ಕೈಯನ್ನು ಸೆರಗಿಗೆ ಒರೆಸಬೇಡಿ. ಆ ಸೆರಗು ಬೆಳಗಿನಿಂದ ಎಲ್ಲೆಲ್ಲಿ ತಾಗಿದೆಯೋ!

ಕೂಸಿನ ಹೊಕ್ಕುಳಿಗೆ ಏನೂ ಹಚ್ಚಬೇಡಿ. ಎಣ್ಣೆ ಬೇಡ, ಅರಿಸಿನ ಬೇಡ, ಬೂದಿ ಬೇಡ. ಒಣಗಿ ತಾನೇ ಉದುರುತ್ತದೆ. ಹಿಂದೆ ಕೊಳಕು ಬ್ಲೇಡು, ಸಗಣಿ ಬೂದಿಯಿಂದ ಎಷ್ಟೋ ಕೂಸುಗಳಿಗೆ ಧನುರ್ವಾಯು ಬಂದು ಸತ್ತವು. ತಾಯಂದಿರಿಗೆ ಚುಚ್ಚುಮದ್ದು ಬಂತು. ಶುಚಿಯಾದ ಹೆರಿಗೆ ಹೆಚ್ಚಿತು. 2015ರಲ್ಲಿ, ಎಳೆ ಕೂಸುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಮನೆಯಲ್ಲಿ ಅಜ್ಜಿ ಹಟ ಮಾಡಿದರೆ ಜಗಳ ಬೇಡ. "ಅಜ್ಜಿ, ಡಾಕ್ಟರು ಬೇಡ ಅಂದವ್ರೆ, ನೀವು ಕೂಸಿಗೆ ಲಾಲಿ ಹಾಡಿ" ಅನ್ನಿ.

"ಅಯ್ಯೋ, ಡಾಕ್ಟರಮ್ಮಂಗೆ ಕೈ ತೊಳೀರಿ ಅಂತ ನಾವು ಹೇಳೋದಾ? ಬೈದ್ರೆ?"

ಈ ಭಯ ನಮಗೂ ಗೊತ್ತು. ಬೈದರೂ ಬೈಯಬಹುದು. ಮೆಲ್ಲಗೆ ಕೇಳಿ: "ಮೇಡಂ, ಗಾಯ ಮುಟ್ಟೋ ಮುಂಚೆ ಕೈ ತೊಳ್ಕೊಂಡ್ರಾ?" ಕೇಳುವುದು ತಪ್ಪಲ್ಲ. ಸೂಜಿ ಚುಚ್ಚುವಾಗಲೂ ನೋಡಿ. ಹೊಸ ಪೊಟ್ಟಣ ನಿಮ್ಮ ಎದುರಿಗೇ ಒಡೆಯಬೇಕು. ಪೊಟ್ಟಣದ ಮೇಲಿನ ತಾರೀಕು ಓದಿ. ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಇನ್ನೊಬ್ಬರಿಗೆ ಕಾಮಾಲೆ, ಏಡ್ಸ್ ಬರಬಹುದು. ಒಂದು ಬಗೆಯ ಕಾಮಾಲೆಯ ರೋಗಾಣು ಮೈಯಿಂದ ಹೊರಗೂ 7 ದಿನ ಬದುಕಿರುತ್ತದೆ.

ಎಲ್ಲವೂ ನಮ್ಮ ಕೈಯಲ್ಲಿಲ್ಲ, ಅದೂ ನಿಜ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐದು ಮಂದಿ ಪ್ರಾಣ ಕಳೆದುಕೊಂಡರು. ಅವರಿಗೆ ಹಾಕಿದ ಸಲೈನಿನ ಮೇಲೆ ಅನುಮಾನ ಬಂತು. ಸರ್ಕಾರ ಆ ಕಂಪನಿಯ ಸಲೈನು ಬಳಸುವುದನ್ನು ನಿಲ್ಲಿಸಿತು. ಬಾಟಲಿಯೊಳಗಿನ ದೋಷ ನಮ್ಮ ಕಣ್ಣಿಗೆ ಕಾಣದು. ಅದನ್ನು ಪರೀಕ್ಷೆ ಮಾಡುವುದು ಸರ್ಕಾರದ ಕೆಲಸ. ಮಾಡಿದ್ದೀರಾ ಅಂತ ಕೇಳುವುದು ನಮ್ಮ ಹಕ್ಕು.

ಹೆಬ್ಬಾಳ, ಯಶವಂತಪುರದ ಕಡೆ ಆಸ್ಪತ್ರೆಗಳಲ್ಲಿ ಆಯಾ ಕೆಲಸ, ಗುಡಿಸುವ ಕೆಲಸ ಮಾಡುವ ಅಕ್ಕಂದಿರೂ ಈ ಪುಸ್ತಕ ಓದುತ್ತಿರಬಹುದು. ಅವರಿಗೆ ಬಣ್ಣದ ಪಾಠ ಬೇಕೇ ಬೇಕು. ರಕ್ತದ ಬಟ್ಟೆ, ಹತ್ತಿ, ಕಸ (ಮಾಸು) ಹಳದಿ ಚೀಲಕ್ಕೆ. ಸಲೈನ್ ಕೊಳವೆ, ಕೈಚೀಲ ಅಂದರೆ ಗ್ಲೌಸು, ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ಗಾಜು ನೀಲಿ ಡಬ್ಬಿಗೆ. 2016ರ ನಿಯಮ ಇದು. ಸೂಜಿಯನ್ನು ಹಳದಿ ಚೀಲಕ್ಕೆ ಎಸೆದರೆ, ಅದನ್ನು ಎತ್ತುವ ಇನ್ನೊಬ್ಬ ಅಕ್ಕನ ಕೈಗೆ ಚುಚ್ಚುತ್ತದೆ. ಗ್ಲೌಸು, ಕಾಮಾಲೆ ಚುಚ್ಚುಮದ್ದು ಕೊಡಿ ಅಂತ ಮೇಸ್ತ್ರಿಯನ್ನು ಕೇಳಿ. ಅದು ಭಿಕ್ಷೆಯಲ್ಲ.

ಕೆಮ್ಮುವವರು ವಾರ್ಡಿಗೆ ಹೋಗಬೇಡಿ. ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ.

ಜೋರಾಗಿ ಓದಿ:
ನಂಜು. ಸೋಂಕು. ಹೊಕ್ಕುಳು. ಸೂಜಿ. ಧನುರ್ವಾಯು. ಸೆಮ್ಮೆಲ್ವೈಸ್.

ಉತ್ತರ ಬರೆಯಿರಿ:
ವಿಯೆನ್ನಾದ ಹೆಂಗಸರು ಯಾವ ವಿಭಾಗ ಬೇಡ ಅಂದರು? ಏಕೆ?
ಸೂಜಿಯನ್ನು ಯಾವ ಬಣ್ಣದ ಡಬ್ಬಿಗೆ ಹಾಕಬೇಕು?
ನಿಮ್ಮ ಹತ್ತಿರದ ಆಸ್ಪತ್ರೆಯ ವಾರ್ಡಿನಲ್ಲಿ ನಲ್ಲಿ ಇದೆಯೇ? ಸೋಪು ಇದೆಯೇ? ಮುಂದಿನ ಸಲ ಹೋದಾಗ ನೋಡಿ ಬಂದು ಎರಡು ಸಾಲು ಬರೆಯಿರಿ.