ಮೊದಲು ಬಾಗಿಲಿನ ಅಳತೆ

ನಾಸಿಕ್

ಪ್ರೀತಿಯ ಪುಟ್ಟಿ,

ಕೈಯಿಂದ ತಳ್ಳುವ ಗಾಲಿಕುರ್ಚಿ ಬಿಟ್ಟು ಮೋಟರ್ ಕುರ್ಚಿಗೆ ಬರಲು ನಿನಗೆ ಮನಸ್ಸಿಲ್ಲವೆಂದು ನಿಮ್ಮ ಅವ್ವ ಫೋನಿನಲ್ಲಿ ಹೇಳಿದಳು. ಈಗಲೇ ಮೋಟರ್ ಹಿಡಿದರೆ ತೋಳಿನಲ್ಲಿ ಉಳಿದ ಬಲವೂ ಹೋದೀತು ಎಂಬ ಅಂಜಿಕೆಯಂತೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಸರಿಯಲು ನಿನಗೆ ಬೇಕಾದದ್ದೂ ಅದೇ ಭುಜ ಮಗಳೇ. ಸಂಭಾಜಿನಗರದ ನಿಮ್ಮ ವಿಶ್ವವಿದ್ಯಾಲಯ ಗುಡ್ಡದ ಬುಡದಲ್ಲಿದೆ. ಗ್ರಂಥಾಲಯದ ತನಕ ಚಕ್ರ ತಳ್ಳಿಯೇ ಕೈ ಸೋತರೆ ಪುಸ್ತಕ ತೆರೆದು ಏನು ಬರೆಯುತ್ತೀ? ತೋಳಿನ ವ್ಯಾಯಾಮಕ್ಕೆ ಫಿಸಿಯೋಥೆರಪಿಸ್ಟ್ ಇದ್ದಾರೆ, ಅದು ನಡೆಯಲಿ. ಎರಡನೇ ಮಹಾಯುದ್ಧದಿಂದ ಗಾಯಗೊಂಡು ಬಂದ ಸೈನಿಕರಿಗಾಗಿ ಕೆನಡಾದ ಎಂಜಿನಿಯರ್ ಜಾರ್ಜ್ ಕ್ಲೈನ್ ಮೋಟರ್ ಕುರ್ಚಿ ಮಾಡಿದ್ದು ಅವರು ಮನೆಯಲ್ಲಿ ಕೂತಿರಲಿ ಎಂದಲ್ಲ.

ನೀನು ಫೋಟೊ ಕಳಿಸಿದ ಸ್ಕೂಟರ್ ಚೆಂದವಿದೆ. ಆದರೆ ಅದರ ಹ್ಯಾಂಡಲ್ ಹಿಡಿಯಲು ಎರಡೂ ತೋಳು ಮುಂದೆ ಚಾಚಿಯೇ ಇರಬೇಕು, ಮೈ ಉದ್ದವಾದ್ದರಿಂದ ಹಾಸ್ಟೆಲಿನ ಕೋಣೆಯಲ್ಲಿ ತಿರುಗುವುದೂ ಇಲ್ಲ. ಸ್ವಲ್ಪ ನಡೆಯಬಲ್ಲವರಿಗೆ, ಪೇಟೆ ಸುತ್ತುವವರಿಗೆ ಅದು ಒಳ್ಳೆಯದು. ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಕೊಡುವ ಮೋಟರ್ ತ್ರಿಚಕ್ರಿಯೂ ಬೀದಿಗೆ ಸರಿ, ಕೋಣೆಗಲ್ಲ. ಮದ್ರಾಸ್ ಐಐಟಿಯವರ ನಿಯೋಬೋಲ್ಟ್ ಎಂಬುದು ಗಾಲಿಕುರ್ಚಿಯ ಮುಂದೆ ಸಿಕ್ಕಿಸುವ ಮೋಟರ್ ಚಕ್ರ, ಗಂಟೆಗೆ 25 ಕಿಲೋಮೀಟರ್ ಓಡುತ್ತದೆ. ಗಟ್ಟಿ ತೋಳಿನವರಿಗೆ ಅದನ್ನು ಮನಸಾರೆ ಹೇಳುತ್ತೇನೆ. ನಿನಗೆ ಬೇಕಾದದ್ದು ಜಾಯ್‌ಸ್ಟಿಕ್ ಕುರ್ಚಿಯೇ.

ಕುರ್ಚಿ ನೋಡುವ ಮೊದಲು ಬಾಗಿಲು ನೋಡು. ಬಚ್ಚಲಿನ ಚೌಕಟ್ಟಿನ ಒಳ ಅಳತೆ ಹಿಡಿ, ಹೊರಗಿನದಲ್ಲ. ಕುರ್ಚಿಯ ಅತಿ ಅಗಲದ ಜಾಗಕ್ಕಿಂತ ಅದು ದೊಡ್ಡದಿರಬೇಕು. ಆಸನ ಸೊಂಟಕ್ಕಿಂತ ಎರಡೂ ಬದಿ ಒಂದೊಂದು ಬೆರಳು ಸಡಿಲವಿದ್ದರೆ ಸಾಕು, ಹೆಚ್ಚಾದರೆ ಬೆನ್ನು ಒಂದು ಕಡೆ ವಾಲುತ್ತದೆ. ದಿಂಬಿನಲ್ಲಿ ಮಾತ್ರ ದುಡ್ಡು ಉಳಿಸಬೇಡ. ದಿನವಿಡೀ ಕುರ್ಚಿಯಲ್ಲೇ ಕೂರುವ ನನಗೂ ನಿನಗೂ ಚರ್ಮ ಒತ್ತಿ ಹುಣ್ಣಾದರೆ ತಿಂಗಳುಗಟ್ಟಲೆ ಮಂಚ ಹಿಡಿಯಬೇಕಾಗುತ್ತದೆ. ಮೆಟ್ಟಿಲಿದ್ದರೆ ಇಳಿಜಾರು ಒಂದಕ್ಕೆ ಹನ್ನೆರಡು. ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದ. ಅದಕ್ಕಿಂತ ಕಡಿದಾದ ಹಲಗೆ ಹಾಕಿ ‘ಅನುಕೂಲ ಮಾಡಿದ್ದೇವೆ’ ಎಂದರೆ ಒಪ್ಪಬೇಡ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ನಿನ್ನ ಬೆನ್ನಿಗಿದೆ.

ಎಲ್ಲೋರಾ ನೋಡಬೇಕು ಅಂದೆಯಲ್ಲ, ಸಂಭಾಜಿನಗರದಿಂದ 30 ಕಿಲೋಮೀಟರ್. ರಾಷ್ಟ್ರಕೂಟ ಒಂದನೇ ಕೃಷ್ಣ, ನಮ್ಮ ಕನ್ನಡದ ಅರಸ, ಎಂಟನೇ ಶತಮಾನದಲ್ಲಿ ಒಂದೇ ಬಂಡೆಯಲ್ಲಿ ಕೊರೆಸಿದ ಕೈಲಾಸ ಅಲ್ಲಿದೆ. ಮೇಲಿನ ಮಂಟಪಕ್ಕೆ ಮೆಟ್ಟಿಲು, ಅದು ನಮಗೆ ಸಿಗದು. ಅಂಗಳದಿಂದಲೇ ತಲೆಯೆತ್ತಿ ನೋಡುವುದಕ್ಕೂ ಕುರ್ಚಿ ಅಲ್ಲಿಯ ತನಕ ಹೋಗಬೇಕಲ್ಲ? ಸೀಸದ ಬ್ಯಾಟರಿಯ ಕುರ್ಚಿಯನ್ನು ಕಾರಿಗೆ ಎತ್ತಿಹಾಕುವುದು ಇಬ್ಬರಿಗೂ ಕಷ್ಟ. ಲಿಥಿಯಂ ಬ್ಯಾಟರಿಯ ಮಡಚುವ ಕುರ್ಚಿ ತುಟ್ಟಿಯಾದರೂ ಡಿಕ್ಕಿಗೆ ಹೋಗುತ್ತದೆ. ನೀನು ಓಡಾಡುವ ಹುಡುಗಿ, ಅದನ್ನೇ ತೊಗೊ. ಮೇ ತಿಂಗಳ ಬಿಸಿಲಿನಲ್ಲಿ ಮಾತ್ರ ಚಾರ್ಜಿಗೆ ಹಾಕಿ ಹೊರಗೆ ಬಿಡಬೇಡ.

ಇನ್ನೊಂದು. ಮೋಟರಿನ ಪಕ್ಕ ಪುಟ್ಟ ಲಿವರ್ ಇರುತ್ತದೆ. ಅದನ್ನು ತಿರುಗಿಸಿದರೆ ಮೋಟರ್ ಬಿಟ್ಟುಕೊಂಡು ಕುರ್ಚಿಯನ್ನು ಕೈಯಿಂದ ತಳ್ಳಬಹುದು. ಆದರೆ ಬ್ರೇಕೂ ಹೋಗುತ್ತದೆ. ಹೋದ ವರ್ಷ ಪಂಚವಟಿಯಲ್ಲಿ, ರಾಮಕುಂಡಕ್ಕೆ ಇಳಿಯುವ ದಾರಿಯಲ್ಲಿ, ಸಹಾಯಕ್ಕೆ ಬಂದ ಹುಡುಗ ಗೊತ್ತಿಲ್ಲದೆ ಅದನ್ನು ತಿರುಗಿಸಿಬಿಟ್ಟ. ನನ್ನ ಬೆರಳು ಜಾಯ್‌ಸ್ಟಿಕ್ ಮೇಲೇ ಇದ್ದರೂ ಕುರ್ಚಿ ತಾನಾಗಿ ಉರುಳತೊಡಗಿತು. ಹೂ ಮಾರುತ್ತಿದ್ದ ಹೆಂಗಸು ಬುಟ್ಟಿ ಬಿಟ್ಟು ಓಡಿಬಂದು ಹಿಡಿದುಕೊಂಡಳು. ಆದ್ದರಿಂದ ನಿನ್ನ ಗೆಳತಿಯರಿಗೆಲ್ಲ ಮೊದಲ ದಿನವೇ ಆ ಲಿವರ್ ತೋರಿಸು. ನಿನ್ನನ್ನು ಕೇಳದೆ ಕುರ್ಚಿ ಮುಟ್ಟಬಾರದೆಂದೂ ಹೇಳು. ಹಾಗೆ ಹೇಳಲು ಸಂಕೋಚಪಡಬೇಡ, ಕುರ್ಚಿ ನಿನ್ನ ಮೈಯ ಭಾಗವೇ.

ಭಾನುವಾರದೊಳಗೆ ಬಚ್ಚಲಿನ ಬಾಗಿಲು, ಲಿಫ್ಟು, ಓದುವ ಮೇಜಿನ ಕೆಳಗಿನ ಎತ್ತರ ಬರೆದು ಕಳಿಸು. ಜಾಯ್‌ಸ್ಟಿಕ್ ಎಡಕ್ಕೋ ಬಲಕ್ಕೋ, ನಿನ್ನಿಷ್ಟ. ಅಂಗಡಿಯವನು ಕುರ್ಚಿಯನ್ನು ಹಾಸ್ಟೆಲಿಗೇ ತಂದು ಅರ್ಧ ದಿನ ಓಡಿಸಿ ನೋಡಲು ಬಿಡದಿದ್ದರೆ ಬೇರೆ ಅಂಗಡಿ ನೋಡೋಣ. ದುಡ್ಡಿನ ಮಾತು ನಾನೂ ನಿಮ್ಮ ಅವ್ವನೂ ಆಡಿಕೊಂಡಾಗಿದೆ, ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ
ಮಾಮಾ