ಎಂಜಿನ್ ಆರಿದ ಮೇಲಿನ ಪಾಠ

ಕಂಪ್ಯೂಟರಿನ ಮುಂದೆ ಕೂತು ಯುದ್ಧವಿಮಾನ ಹಾರಿಸುವ ಹುಡುಗ ಹುಡುಗಿಯರೇ, ನಿಮ್ಮ ಹವ್ಯಾಸವನ್ನು ಕಂಡು ಮೂಗು ಮುರಿಯುವ ಹಿರಿಯರ ಸಾಲಿಗೆ ನನ್ನನ್ನು ಸೇರಿಸಬೇಡಿ. ವಾಯುಪಡೆಯಲ್ಲಿ ಮಿಗ್-21 ಹಾರಿಸಿ, ನಿವೃತ್ತನಾಗಿ ಬೆಂಗಳೂರು ಸೇರಿದ ನಾನೂ ಈಗ ಸಂಜೆಯ ಹೊತ್ತು ಮೇಜಿಗೆ ಸ್ಟಿಕ್ಕು, ಥ್ರಾಟಲ್ಲು ಬಿಗಿದುಕೊಂಡು, ಕಾಲಡಿ ರಡ್ಡರ್ ಪೆಡಲ್ ಇಟ್ಟುಕೊಂಡು ಕೂರುತ್ತೇನೆ. ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರ್‌ನಲ್ಲಿ 2014ರಿಂದ ಮಿಗ್-21 ಬಿಸ್ ಇದೆ. ನಿಜವಾದ ಮಿಗ್-21 ನಮ್ಮ ವಾಯುಪಡೆಗೆ 1963ರಲ್ಲಿ ಚಂಡೀಗಢದಲ್ಲಿ ಸೇರಿತು. 2025ರ ಸೆಪ್ಟೆಂಬರ್ 26ರಂದು ಅಲ್ಲಿಂದಲೇ ವಿದಾಯ ಪಡೆಯಿತು. ಇನ್ನು ಅದನ್ನು ಹಾರಿಸಬೇಕೆಂದರೆ ನನಗೂ ನಿಮಗೂ ಇರುವುದು ಇದೊಂದೇ ದಾರಿ. ಹಾಗಾಗಿ ಈ ಮಾತುಗಳನ್ನು ಮೇಷ್ಟರ ಉಪದೇಶ ಅಂದುಕೊಳ್ಳದೆ, ಒಂದೇ ವಿಮಾನದ ಹಿರಿಯ ಪೈಲಟ್ ಕಿರಿಯನಿಗೆ ಕ್ರೂ ರೂಮಿನಲ್ಲಿ ಹೇಳಿದ್ದು ಅಂದುಕೊಳ್ಳಿ.

ಮೊದಲಿಗೆ, ನೀವು ಕೂತಿರುವ ಯಂತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ತನ್ನ ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ 1929ರಲ್ಲಿ ನೆಲದ ಮೇಲೆ ಓಲಾಡುವ ಪುಟ್ಟ ವಿಮಾನ ಮಾಡಿದ. ಅದು ಬಹುಕಾಲ ಜಾತ್ರೆಯ ಮೋಜಿನ ಸಾಮಾನಾಗಿತ್ತು. 1934ರಲ್ಲಿ ಅಲ್ಲಿನ ಸೇನೆಗೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಬಿತ್ತು. ಮೋಡ, ಹಿಮ, ಕತ್ತಲಲ್ಲಿ ಉಪಕರಣ ನೋಡಿ ಹಾರಲು ಬಾರದೆ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಆಗ ಸೇನೆ ಲಿಂಕ್‌ನ ಬಾಗಿಲು ತಟ್ಟಿ ಆರು ಯಂತ್ರ ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ವೈಮಾನಿಕರು ಅದೇ ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಹಾರುವುದನ್ನು ಕಲಿತಿದ್ದರು. ನೀವು ಆಡುವ ಎ-10ಸಿ ಕೂಡ ಮೊದಲು ಅಮೆರಿಕದ ಏರ್ ನ್ಯಾಷನಲ್ ಗಾರ್ಡ್‌ಗಾಗಿ ಮಾಡಿದ ಮೇಜಿನ ತರಬೇತಿ ಯಂತ್ರ. ಆಮೇಲೆ ಅಂಗಡಿಗೆ ಬಂತು.

ನಮ್ಮೂರಿನದೇ ಉದಾಹರಣೆ ಬೇಕೆ? ತೇಜಸ್ ತಾನಾಗಿ ಸ್ಥಿರವಾಗಿ ಹಾರದ ವಿಮಾನ. ಅದರ ಕಂಪ್ಯೂಟರು ಕ್ಷಣಕ್ಷಣವೂ ತಿದ್ದದಿದ್ದರೆ ಯಾವ ಪೈಲಟ್‌ನ ಕೈಗೂ ಸಿಗುವುದಿಲ್ಲ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅದನ್ನು ಬೆಂಗಳೂರಿನ ಆಕಾಶಕ್ಕೆ ಮೊದಲ ಸಲ ಏರಿಸುವ ಮುನ್ನ, ಇದೇ ಊರಿನ ಪ್ರಯೋಗಾಲಯಗಳ ಸಿಮ್ಯುಲೇಟರ್‌ಗಳಲ್ಲಿ ಅದು ವರ್ಷಗಟ್ಟಲೆ ಹಾರಿತ್ತು. 1996ರಲ್ಲಿ ಅದರ ನಿಯಂತ್ರಣ ಸೂತ್ರಗಳನ್ನು ಅಮೆರಿಕದ ವಿಸ್ಟಾ ಎಂಬ ಎಫ್-16ಕ್ಕೆ ತುಂಬಿ, ಆ ವಿಮಾನವನ್ನೇ ತೇಜಸ್‌ನಂತೆ ಹಾರಿಸಿ ನೋಡಿದ್ದರು. ವಿಸ್ಟಾದ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನನ್ನ ಮಿಗ್ ವಿಷಯಕ್ಕೆ ಬಂದರೆ, ಪರದೆಯ ಕಾಕ್‌ಪಿಟ್ ಕಂಡು ನನಗೇ ಬೆರಗಾಯಿತು. ಉಪಕರಣ ಫಲಕದ ನಡುವೆ ಮೇಲಿಂದ ಕೆಳಗೆ ಎಳೆದ ಬಿಳಿ ಗೆರೆಯನ್ನೂ ಆಟ ಮಾಡಿದವರು ಬಿಟ್ಟಿಲ್ಲ. ಅದು ಅಲಂಕಾರವಲ್ಲ. ಸ್ಪಿನ್‌ಗೆ ಬಿದ್ದು ದಿಕ್ಕು ತಪ್ಪಿದ ಪೈಲಟ್ ಸ್ಟಿಕ್ಕನ್ನು ಆ ಗೆರೆಯ ನೇರಕ್ಕೆ ತಂದರೆ, ಅದು ನಡುಮಧ್ಯದಲ್ಲಿದೆ ಎಂದರ್ಥ. ತ್ರಿಕೋನ ರೆಕ್ಕೆಯ ಗುಣವೂ ಸರಿಯಾಗಿದೆ: ಸ್ಟಿಕ್ಕನ್ನು ಜೋರಾಗಿ ಎಳೆದರೆ ಮೂಗು ತಿರುಗುತ್ತದೆ, ವೇಗ ಸುರಿದುಹೋಗುತ್ತದೆ. ಇಳಿಯುವಾಗ ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ನೆಲ ಮುಟ್ಟಬೇಕು, ಬಾಲದ ಪ್ಯಾರಾಚೂಟ್ ಬಿಚ್ಚಬೇಕು. ಎಲ್ಲ ಇದೆ.

ಇಷ್ಟೆಲ್ಲ ಇರುವುದರಿಂದಲೇ ನನ್ನ ಮೊದಲ ಬುದ್ಧಿಮಾತು: ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟಿ. ನಿಮ್ಮಲ್ಲಿ ಹಲವರ ಬಳಿ ಹನ್ನೆರಡು ವಿಮಾನಗಳಿರುತ್ತವೆ. ಯಾವುದರ ರೇಡಾರ್ ಸ್ವಿಚ್ಚೂ ಕೈಗೆ ಬಂದಿರುವುದಿಲ್ಲ. ಸ್ಕ್ವಾಡ್ರನ್‌ನಲ್ಲಿ ಒಂದೇ ವಿಮಾನದ ಮೇಲೆ ವರ್ಷಗಳನ್ನೇ ಕಳೆಯುತ್ತಿದ್ದೆವು. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ, ಕೇಳಿದ ಸ್ವಿಚ್ಚನ್ನು ಕೈಯಿಂದಲೇ ಮುಟ್ಟಿ ತೋರಿಸು ಅನ್ನುತ್ತಿದ್ದರು. ಕೈಗೆ ಗೊತ್ತಿದ್ದರೆ ತಲೆ ಶತ್ರುವಿನ ಬಗ್ಗೆ ಯೋಚಿಸಲು ಬಿಡುವಾಗಿರುತ್ತದೆ. ಕೈ ತಡಕಾಡುತ್ತಿದ್ದರೆ ತಲೆ ಕಾಕ್‌ಪಿಟ್ಟಿನ ಒಳಗೇ ಉಳಿಯುತ್ತದೆ, ಶತ್ರು ಹೊರಗಿರುತ್ತಾನೆ.

ಎರಡನೆಯದು, ನಿಮ್ಮ ಕುರ್ಚಿ ಕೊಡದೇ ಇರುವುದೇನು ಎಂಬುದನ್ನು ಮರೆಯಬೇಡಿ. ಪರದೆಯಲ್ಲಿ 7 ಜಿ ಅನ್ನುವುದು ಒಂದು ಅಂಕಿ. ವಿಮಾನದಲ್ಲಿ 70 ಕಿಲೋದ ಮನುಷ್ಯ ಆಗ 490 ಕಿಲೋ ಆಗುತ್ತಾನೆ. ಹೆಲ್ಮೆಟ್ ಸೇರಿ ಆರು ಕಿಲೋ ತೂಗುವ ತಲೆ ನಲವತ್ತು ದಾಟುತ್ತದೆ; ಅದನ್ನು ಹೊತ್ತು ಹಿಂದಕ್ಕೆ ತಿರುಗಿ ಶತ್ರು ಎಲ್ಲಿದ್ದಾನೆ ನೋಡಬೇಕು. ರಕ್ತ ಕಾಲಿಗಿಳಿಯುತ್ತದೆ, ನೋಟದ ಅಂಚು ಬೂದಿಬಣ್ಣಕ್ಕೆ ತಿರುಗುತ್ತದೆ. ಹೊಟ್ಟೆ, ತೊಡೆ ಬಿಗಿಹಿಡಿದು ಲೆಕ್ಕಕ್ಕೆ ಸರಿಯಾಗಿ ಉಸಿರಾಡದಿದ್ದರೆ ಪ್ರಜ್ಞೆಯೇ ಹೋಗುತ್ತದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಫೈಟರ್ ಪೈಲಟ್‌ಗಳನ್ನು ಸೆಂಟ್ರಿಫ್ಯೂಜಿನ ತೋಳಿನ ತುದಿಗೆ ಕೂರಿಸಿ ಸುತ್ತಿಸುವುದು ಇದನ್ನು ಕಲಿಸಲಿಕ್ಕೇ. ಇದರ ಜೊತೆಗೆ ರಾಜಸ್ಥಾನದ ಮೇ ತಿಂಗಳಲ್ಲಿ ಕ್ಯಾನಪಿ ಮುಚ್ಚಿ ರನ್‌ವೇ ತುದಿಯಲ್ಲಿ ಕಾಯುವ ಸೆಕೆಯನ್ನೂ ಸೇರಿಸಿಕೊಳ್ಳಿ. ನೀವು ಪರದೆಯಲ್ಲಿ ಎಳೆಯುವ ತಿರುವುಗಳಲ್ಲಿ ಅರ್ಧದಷ್ಟನ್ನು ನಿಮ್ಮ ಮೈ ಒಪ್ಪುವುದಿಲ್ಲ.

ಪರದೆಯಲ್ಲಿ ಭಯವೂ ಇಲ್ಲ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಪಾ ಸಂಸ್ಥೆ ಸಿಮ್ಯುಲೇಟರಿನೊಳಗೆ ಒಂದು ಕಾಳಗ ಏರ್ಪಡಿಸಿತು. ಒಂದು ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮು ಅನುಭವಿ ಎಫ್-16 ಪೈಲಟ್ಟನ್ನು ಐದಕ್ಕೆ ಸೊನ್ನೆಯಿಂದ ಸೋಲಿಸಿತು. ಸುದ್ದಿ ಕೇಳಿ ಎಲ್ಲರೂ ಬಾಯಿ ಬಿಟ್ಟರು. ಅದು ಗೆದ್ದ ರೀತಿಯನ್ನು ನೋಡಿ: ಎದುರಾಬದುರು ನುಗ್ಗಿ, ಮೂಗಿಗೆ ಮೂಗು ಕೊಟ್ಟು ಗನ್ ಹಾರಿಸುವುದು. ಡಿಕ್ಕಿಯ ಅಪಾಯವಿರುವುದರಿಂದ ತರಬೇತಿ ಹಾರಾಟದಲ್ಲಿ ಇದನ್ನು ನಿಷೇಧಿಸಿದ್ದಾರೆ. ಸಾಯುವುದು ಎಂದರೇನು ಎಂದು ತಿಳಿಯದ ಯಂತ್ರಕ್ಕೆ ಆ ನಿಷೇಧದ ತಲೆಬಿಸಿಯಿಲ್ಲ. ಅದೇ ಬಗೆಯ ಬುದ್ಧಿಯನ್ನು 2023ರಲ್ಲಿ ನಿಜವಾದ ಎಫ್-16ರ ಎದುರು ನಿಜವಾದ ವಿಮಾನದಲ್ಲಿ ಹಾರಿಸುವಾಗ, ಸುರಕ್ಷತೆಗೆ ಪೈಲಟ್‌ಗಳನ್ನು ಒಳಗೆ ಕೂರಿಸಿದರು, ತರಬೇತಿಯ ನಿಯಮಗಳನ್ನು ಅದಕ್ಕೂ ಕಲಿಸಿದರು. ಆ ವಿಮಾನ ಯಾವುದು ಗೊತ್ತೆ? ಹಿಂದೆ ತೇಜಸ್‌ನ ಸೂತ್ರಗಳನ್ನು ಹೊತ್ತು ಹಾರಿದ ವಿಸ್ಟಾವೇ. ಆಕಾಶಕ್ಕೆ ಏರಿದ ಮೇಲೆ ನಿಯಮ ಎಲ್ಲರಿಗೂ ಬೇಕು. ನೀವು ಆ ನಿಯಮಗಳನ್ನು ಈಗಿನಿಂದಲೇ ಪಾಲಿಸಿ: ಎದುರಾಳಿಯ ಹತ್ತಿರ ಇಷ್ಟರೊಳಗೆ ಹೋಗುವುದಿಲ್ಲ, ಇಂಧನ ಇಷ್ಟಕ್ಕಿಳಿದರೆ ಕಾಳಗ ಬಿಟ್ಟು ಮನೆಗೆ. ಒಂದು ವಿಮಾನ ಬೀಳಿಸಿದೊಡನೆ ಆಟ ಮುಚ್ಚಿ ಎದ್ದು ಹೋಗುವವರನ್ನು ಕಂಡಿದ್ದೇನೆ. ಚಕ್ರ ರನ್‌ವೇ ಮುಟ್ಟಿ ನಿಲ್ಲುವ ತನಕ ಸಾರ್ಟಿ, ಅಂದರೆ ಆ ಹಾರಾಟ, ಮುಗಿದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ಮಿಗ್-21ರ ಸಾರ್ಟಿ ಮುಕ್ಕಾಲು ಗಂಟೆ ಮೀರುತ್ತಿದ್ದುದೇ ಅಪರೂಪ. ಆದರೆ ಅದಕ್ಕೆ ಮೊದಲು ಬ್ರೀಫಿಂಗ್ ಒಂದು ಗಂಟೆ, ಆಮೇಲೆ ನಡೆದದ್ದನ್ನು ಒರೆಗೆ ಹಚ್ಚುವ ಡಿಬ್ರೀಫ್ ಎಷ್ಟೋ ಸಲ ಇನ್ನೂ ಹೆಚ್ಚು. ಪೈಲಟ್ ಆಗುವುದು ಆ ಎರಡು ಕೋಣೆಗಳಲ್ಲಿ. ನಿಮ್ಮಲ್ಲಿ ಹೆಚ್ಚಿನವರು ನಡುವಿನ ಭಾಗವನ್ನಷ್ಟೇ ತಿಂದು ಎರಡು ತುದಿಗಳನ್ನೂ ಎಸೆಯುತ್ತೀರಿ.

ಡಿಬ್ರೀಫ್ ಕೋಣೆಗೆ ಹೋಗುವಾಗ ಭುಜದ ಪಟ್ಟಿ ಬಾಗಿಲಾಚೆ ಬಿಟ್ಟುಹೋಗಬೇಕು. ಹೊಸ ಫ್ಲೈಯಿಂಗ್ ಆಫೀಸರ್ ಕಮಾಂಡಿಂಗ್ ಆಫೀಸರ್‌ನ ಮುಖ ನೋಡಿ 'ಆ ತಿರುವಿನಲ್ಲಿ ನೀವು ನನ್ನನ್ನು ಕಾಣಲಿಲ್ಲ ಸರ್' ಅನ್ನಬಹುದು, ಅನ್ನಬೇಕು. ನಮ್ಮ ಕಾಲದಲ್ಲಿ ಇದ್ದದ್ದು ಗನ್ ಕ್ಯಾಮೆರಾದ ಫಿಲ್ಮು, ತೊಡೆಗೆ ಕಟ್ಟಿದ ನೀಪ್ಯಾಡಿನ ಗೀಚು, ಬಣ್ಣಬಣ್ಣದ ಸೀಮೆಸುಣ್ಣ, ಎರಡು ಅಂಗೈ. ಆ ಅಂಗೈಗಳೇ ವಿಮಾನಗಳಾಗಿ ಗಾಳಿಯಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು. ನಿಮಗೋ, ಹಾರಾಟ ದಾಖಲಿಸುವ ಟ್ಯಾಕ್‌ವ್ಯೂ ತೆರೆದರೆ ಪ್ರತಿ ಕ್ಷಣದ ಎತ್ತರ, ವೇಗ, ಕೋನ ಎಲ್ಲ ಕಣ್ಣೆದುರು ಬರುತ್ತದೆ. ಅಂಥ ದಾಖಲೆಗಾಗಿ ನಾವು ಏನು ಬೇಕಾದರೂ ಕೊಡುತ್ತಿದ್ದೆವು. ನೀವು ಅದನ್ನು ತೆರೆಯುವುದು ಗೆದ್ದ ದೃಶ್ಯವನ್ನು ಗೆಳೆಯರಿಗೆ ಕಳಿಸಲು.

ಹೀಗೆ ಮಾಡಿ. ಸಾರ್ಟಿ ಮುಗಿದೊಡನೆ ದಾಖಲೆ ತೆರೆಯಬೇಡಿ. ಒಂದು ಹಾಳೆ ತೆಗೆದುಕೊಂಡು ಏನು ನಡೆಯಿತೆಂದು ನೆನಪಿನಿಂದ ಬರೆಯಿರಿ: ಶತ್ರುವನ್ನು ಮೊದಲು ಎಲ್ಲಿ ಕಂಡೆ, ಆಗ ನನ್ನ ಎತ್ತರವೆಷ್ಟು, ವೇಗವೆಷ್ಟು, ವಿಂಗ್‌ಮನ್ ಎಲ್ಲಿದ್ದ. ಆಮೇಲೆ ದಾಖಲೆ ತೆರೆದು ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಹಾಳೆಗೂ ಅದಕ್ಕೂ ಇರುವ ಅಂತರವೇ ನಿಮ್ಮ ನಿಜವಾದ ಅಂಕ. ಆಕಾಶದಲ್ಲಿ ಸಾಯುವವರಲ್ಲಿ ಬಹುಮಂದಿ ಕೈಚಳಕ ಕಡಿಮೆಯಾಗಿ ಸಾಯುವುದಿಲ್ಲ. ತಾವು ಎಲ್ಲಿದ್ದೇವೆ ಅಂದುಕೊಂಡಿದ್ದರೋ ಅಲ್ಲಿ ಇರದೆ ಸಾಯುತ್ತಾರೆ. ಆ ಅಂತರ ಕಿರಿದಾಗುತ್ತಾ ಬಂದರೆ ನೀವು ಕಲಿಯುತ್ತಿದ್ದೀರಿ.

ಬಳಿಕ ದಾಖಲೆಯನ್ನು ಹಿಂದಕ್ಕೆ ಓಡಿಸಿ. ಕ್ಷಿಪಣಿ ತಗುಲಿದ ಕ್ಷಣದಲ್ಲಿ ಕಲಿಯಲು ಏನೂ ಇಲ್ಲ. ನಿಮ್ಮ ಕೈಯಲ್ಲಿ ಆಯ್ಕೆ ಉಳಿದಿದ್ದ ಕೊನೆಯ ಕ್ಷಣ ಯಾವುದು ಎಂದು ಹುಡುಕಿ. ಸಾಮಾನ್ಯವಾಗಿ ಅದು ಅರ್ಧ ನಿಮಿಷದಷ್ಟು ಹಿಂದಿರುತ್ತದೆ, ಅಲ್ಲಿ ಒಂದು ಅನಗತ್ಯ ಬಿಗಿ ತಿರುವು ಇರುತ್ತದೆ. 1960ರ ದಶಕದಲ್ಲಿ ಅಮೆರಿಕದ ಪೈಲಟ್ ಜಾನ್ ಬಾಯ್ಡ್, ಗಣಿತಜ್ಞ ಥಾಮಸ್ ಕ್ರಿಸ್ಟಿಯ ಜೊತೆ ಸೇರಿ ಇಂಥ ತಿರುವು ಎಷ್ಟು ದುಬಾರಿ ಎಂಬುದನ್ನೇ ಲೆಕ್ಕಕ್ಕೆ ಇಳಿಸಿದ. ಎಂಜಿನ್ನಿನ ನೂಕುಬಲದಿಂದ ಗಾಳಿಯ ತಡೆಯನ್ನು ಕಳೆದು, ವೇಗದಿಂದ ಗುಣಿಸಿ, ತೂಕದಿಂದ ಭಾಗಿಸಿದರೆ ವಿಮಾನದ ಚೈತನ್ಯ ಎಷ್ಟು ಬೇಗ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂದು ತಿಳಿಯುತ್ತದೆ. ಎತ್ತರ ಮತ್ತು ವೇಗ ಜೇಬಿನ ದುಡ್ಡಿದ್ದಂತೆ. ಸಂತೆಯ ಮೊದಲ ಅಂಗಡಿಯಲ್ಲೇ ಖಾಲಿ ಮಾಡಿದವನಿಗೆ ಆಮೇಲೆ ಚೌಕಾಸಿಯ ಹಕ್ಕಿಲ್ಲ.

ಡಿಬ್ರೀಫ್‌ನಲ್ಲಿ ಒಂದು ಮಾತು ನಿಷಿದ್ಧ: 'ಈ ಆಟದಲ್ಲಿ ಕ್ಷಿಪಣಿಯ ಲೆಕ್ಕವೇ ಸರಿಯಿಲ್ಲ.' ಇರಬಹುದು. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎದುರಾಳಿಯ ಕ್ಷಿಪಣಿಗೂ ಅದೇ ಲೆಕ್ಕ. ಗೆದ್ದ ದಿನವಂತೂ ಇನ್ನೂ ಹೆಚ್ಚು ಹೊತ್ತು ಕೂರಿ. ಸೋಲು ತಾನಾಗಿ ಕಲಿಸುತ್ತದೆ. ಅದೃಷ್ಟದ ಗೆಲುವು ಕೆಟ್ಟ ಅಭ್ಯಾಸವನ್ನು ಬೆನ್ನು ತಟ್ಟಿ ಒಳಗೆ ಕಳಿಸುತ್ತದೆ.

ನೋಡಿದ್ದನ್ನು ಬಂದು ಹೇಳುವುದು ಎಷ್ಟು ದೊಡ್ಡದು ಎಂಬುದಕ್ಕೆ ಕೊಡಗಿನ ಒಬ್ಬ ವೀರನ ಕಥೆ ಸಾಕು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅಂದು ಬದಲಿ ಪೈಲಟ್. ಒಂದು ವಿಮಾನ ಹಿಂದುಳಿದದ್ದರಿಂದ ತಂಡ ಸೇರಿಕೊಂಡರು. ಮರಳುವ ದಾರಿಯಲ್ಲಿ ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಎದುರಾಯಿತು. ಮಿಸ್ಟೇರ್ ಶಬ್ದದ ವೇಗಕ್ಕಿಂತ ನಿಧಾನದ್ದು. ದೇವಯ್ಯ ಅದರ ಜೊತೆ ಸೆಣಸಿ ಅದನ್ನು ಬೀಳಿಸಿದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ದೇವಯ್ಯ ಹಿಂದಿರುಗಲಿಲ್ಲ. ಜೊತೆಗಾರರು ಆ ಕಾಳಗ ಕಂಡಿರಲಿಲ್ಲ, ಡಿಬ್ರೀಫ್ ಕೋಣೆಯಲ್ಲಿ ಹೇಳುವವರು ಯಾರೂ ಇರಲಿಲ್ಲ. ಕಾಗದದಲ್ಲಿ ಅವರು ನಾಪತ್ತೆ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎದುರು ಪಕ್ಷದ ವಿವರ ಬಂದ ಮೇಲೆ ಎಳೆಗಳು ಕೂಡಿದವು. ಮಹಾವೀರ ಚಕ್ರ ಮರಣೋತ್ತರವಾಗಿ ಬಂದದ್ದು 1988ರಲ್ಲಿ. ಆ ಪರಾಕ್ರಮದ ವರದಿ ಮನೆ ತಲುಪಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಪರದೆಯಲ್ಲಿ ಸತ್ತು ಮರುಕ್ಷಣ ಹುಟ್ಟುವ ನಿಮಗೆ ಪ್ರತಿ ಸಲವೂ ಬಂದು ಹೇಳುವ ಭಾಗ್ಯವಿದೆ. ಅದನ್ನು ವ್ಯರ್ಥ ಮಾಡಬೇಡಿ.

ವಾಯುಪಡೆ ಸೇರುವ ಆಸೆಯಿದ್ದವರಿಗೆ ಕೊನೆಯ ಎರಡು ಮಾತು. ಮೇಜಿನ ಮೇಲಿನ ಗಂಟೆಗಳನ್ನು ಸಂದರ್ಶನದಲ್ಲಿ ಎಣಿಸಬೇಡಿ, ಅವಕ್ಕೆ ಅಲ್ಲಿ ಬೆಲೆಯಿಲ್ಲ. ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆಯ ಅವಕಾಶ ಮತ್ತೆ ಮತ್ತೆ ಸಿಗುವುದಿಲ್ಲ. ನಿದ್ದೆಗೆಟ್ಟ ಕಣ್ಣಲ್ಲಿ ಅಲ್ಲಿ ಕೂರಬೇಡಿ. ಸಿಮ್ಯುಲೇಟರಿನಿಂದ ಬಂದವರ ಕಣ್ಣು ಉಪಕರಣಗಳಿಗೆ ಅಂಟಿಕೊಂಡಿರುತ್ತದೆ ಎಂಬುದು ಬೋಧಕರ ಹಳೆಯ ದೂರು. ಈಗಿನಿಂದಲೇ ದಿಗಂತ ನೋಡಿ ಹಾರುವುದನ್ನು ರೂಢಿಸಿಕೊಳ್ಳಿ, ಶತ್ರುವಿನ ತಲೆಯ ಮೇಲೆ ಹೆಸರು ತೋರಿಸುವ ಸೌಲಭ್ಯವನ್ನು ಬಂದ್ ಮಾಡಿ. ಹೆಣ್ಣುಮಕ್ಕಳಿಗೆ ಬೇರೆ ಪಾಠವೇನಿಲ್ಲ. 2016ರಲ್ಲಿ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ನಮ್ಮ ಬೀದರ್‌ಗೆ ಬಂದು ಹಾಕ್ ವಿಮಾನದಲ್ಲಿ ಕಲಿತರು, ಗಂಡುಮಕ್ಕಳಿಗಿದ್ದ ಅದೇ ಡಿಬ್ರೀಫ್‌ನಲ್ಲಿ ಕೂತರು.

ಸೇರದಿದ್ದರೂ ನಷ್ಟವಿಲ್ಲ. ನೀವು ಡಾಕ್ಟರಾಗಿ, ಎಂಜಿನಿಯರಾಗಿ, ಅಂಗಡಿ ಇಡಿ. ಕೆಲಸ ಮುಗಿದ ಮೇಲೆ ಏನಾಯಿತೆಂದು ನೆನಪಿನಿಂದ ಬರೆದು ದಾಖಲೆಯ ಜೊತೆ ಹೋಲಿಸುವ ಅಭ್ಯಾಸ ಎಲ್ಲ ಕಡೆಯೂ ಅಪರೂಪ, ಎಲ್ಲ ಕಡೆಯೂ ಉಪಯೋಗಿ. ಆದ್ದರಿಂದ ಇವತ್ತು ಎರಡು ಸಾರ್ಟಿಯ ಬದಲು ಒಂದು ಹಾರಿ. ಉಳಿದ ಹೊತ್ತಿನಲ್ಲಿ ಗೆಳೆಯನನ್ನೋ ಗೆಳತಿಯನ್ನೋ ಪಕ್ಕಕ್ಕೆ ಕೂರಿಸಿಕೊಂಡು ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ: ಯೋಜನೆ ಏನಿತ್ತು, ನಡೆದದ್ದೇನು, ಎರಡೂ ಬೇರೆಯಾದದ್ದು ಎಲ್ಲಿ, ಮುಂದಿನ ಸಲ ಬದಲಿಸುವ ಒಂದೇ ಒಂದು ಸಂಗತಿ ಯಾವುದು. ನಾಲ್ಕನೆಯದಕ್ಕೆ ಉತ್ತರ ಸಿಗುವ ತನಕ ಮತ್ತೆ ಎಂಜಿನ್ ಹೊತ್ತಿಸಬೇಡಿ.